ನಂಬರ್ ಪ್ಲೇಟಿಗೆ ಬೆಳಕು ಬೇಕು: ಬಾಗಲಕೋಟೆಯ ಸಾರಿಗೆ ಅಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಪ್ರಾದೇಶಿಕ ಸಾರಿಗೆ ಅಧಿಕಾರಿಗಳು,
ಬಾಗಲಕೋಟೆ

ವಿಷಯ: ಬೈಕ್‌ಗಳ ಹಿಂದಿನ ನಂಬರ್ ಪ್ಲೇಟ್ ಬ್ರಾಕೆಟ್ ಬದಲಾವಣೆ ಮತ್ತು ಅದರ ವೈರಿಂಗ್ ಕುರಿತು

ಮಾನ್ಯರೆ,

ಕತ್ತಲಾದ ಮೇಲೆ ಗಾಡಿಯ ಹಿಂದಿನ ನೋಂದಣಿ ಸಂಖ್ಯೆಯ ಮೇಲೆಲ್ಲ ಬಿಳಿ ಬೆಳಕು ಬೀಳಬೇಕು, 15 ಮೀಟರ್ ಹಿಂದಿನಿಂದ ಅದನ್ನು ಓದಲು ಬರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 105ನೇ ನಿಯಮ ಹೇಳುವುದು ಇದನ್ನೇ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್ ಪ್ಲೇಟ್) ಕಡ್ಡಾಯವಾಯಿತು. ಹಳೆಯ ಗಾಡಿಗಳಿಗೂ ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಹೇಳಿತು. ಗಡುವು ಬಂತು, ಮುಂದಕ್ಕೆ ಹೋಯಿತು, ದಂಡದ ಮಾತೂ ಆಯಿತು. ಆ ಪ್ಲೇಟಿನ ಮೇಲಿನ 5 ವ್ಯಾಟ್ ಬಲ್ಬಿನ ಮಾತು ಮಾತ್ರ ಎಲ್ಲೂ ಬರಲಿಲ್ಲ. ರಾತ್ರಿ ಗದ್ದನಕೇರಿ ಕ್ರಾಸಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಪ್ಲೇಟ್ ಇದ್ದೂ ನಂಬರ್ ಕಾಣದ ಬೈಕ್‌ಗಳು ತಮಗೇ ಸಿಗುತ್ತವೆ.

ಇದಕ್ಕೆ ಹುಡುಗರ ಶೋಕಿಯೊಂದೇ ಕಾರಣವಲ್ಲ. ಮುಧೋಳ, ಜಮಖಂಡಿ ಕಡೆ ಮಳೆ ಬಿದ್ದ ಹೊಲದ ದಾರಿಯಲ್ಲಿ ಎರಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಟ್ಟಿಯಾಗುತ್ತದೆ. ಪ್ಲೇಟ್ ಹಿಡಿದಿರುವ ಉದ್ದನೆಯ ಪ್ಲಾಸ್ಟಿಕ್ ಬ್ರಾಕೆಟ್ ಅದರ ಭಾರಕ್ಕೆ ಬಗ್ಗಿ, ಬೋಲ್ಟಿನ ತೂತಿನ ಹತ್ತಿರ ಸೀಳುತ್ತದೆ. ಕಂಪನಿಯ ಭಾಗ ದುಬಾರಿ, ಆ್ಯಕ್ಸೆಸರಿ ಅಂಗಡಿಯ ಗಿಡ್ಡ ಬ್ರಾಕೆಟ್ ಅಗ್ಗ. ಹಳೆಯದರ ಜೊತೆ ಅದರ ದೀಪವೂ ಹೋಗಿ, ಎರಡು ವೈರು ತೂಗಾಡುತ್ತ ಉಳಿಯುತ್ತವೆ. ಆಮೇಲೆ ಮನೆಯಲ್ಲೋ ಓಣಿಯ ಗ್ಯಾರೇಜಿನಲ್ಲೋ ಯಾರಾದರೂ ಆ ವೈರಿಗೆ ಒಂದು ಎಲ್‌ಇಡಿ ಸುತ್ತಿ ಟೇಪ್ ಹಚ್ಚುತ್ತಾರೆ. "ಲೈಟ್ ಹತ್ತಿತಲ್ರಿ, ಸಾಕು" ಎಂದು ಕೆಲಸ ಮುಗಿಯುತ್ತದೆ. ಕೆಡುವುದು ಅಲ್ಲಿಂದಲೇ.

ಮೊದಲನೆಯದು ಟೇಪ್. ನಮ್ಮ ಬೇಸಿಗೆಯಲ್ಲಿ ಟೇಪಿನ ಅಂಟು ಕರಗಿ ಸುತ್ತು ಸಡಿಲಾಗುತ್ತದೆ. ಮಳೆಗಾಲದಲ್ಲಿ ಒಳಗೆ ನೀರು ಹೋಗಿ ತಾಮ್ರ ಹಸಿರುಗಟ್ಟುತ್ತದೆ. ಬೆಸುಗೆ ಹಾಕಿದರೂ ಪೂರ್ತಿ ನಂಬುವಂತಿಲ್ಲ. ಬೆಸುಗೆ ಹೀರಿದಷ್ಟು ವೈರು ಗಡುಸಾಗಿ, ಗಾಡಿಯ ನಡುಕಕ್ಕೆ ಅದರ ಅಂಚಿನಲ್ಲೇ ಎಳೆಗಳು ತುಂಡಾಗುತ್ತವೆ. ಒತ್ತುವ ಪ್ಲೈಯರ್‌ನಿಂದ ಟರ್ಮಿನಲ್ ಕೂರಿಸಿ, ಎರಡು ಪಿನ್ನಿನ ವಾಟರ್‌ಪ್ರೂಫ್ ಕನೆಕ್ಟರ್ ಹಾಕಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಸ್ಲೀವ್ ಏರಿಸುವುದೇ ಬಾಳುವ ಕೆಲಸ.

ಎರಡನೆಯದು ಫ್ಯೂಸ್. ಹಲವು ಬೈಕ್‌ಗಳಲ್ಲಿ ಎಲ್ಲದಕ್ಕೂ ಸೇರಿ ಒಂದೇ 10 ಅಥವಾ 15 ಆಂಪಿಯರ್ ಫ್ಯೂಸ್ ಇರುತ್ತದೆ. ಹೊಸ ವೈರು ಮಡ್‌ಗಾರ್ಡಿನ ತೂತಿನ ಅಂಚಿಗೆ ಉಜ್ಜಿ, ಒಳಗಿನ ತಾಮ್ರ ಗಾಡಿಯ ಲೋಹಕ್ಕೆ ತಾಗಿ ಅರ್ಥ್ ಆದರೆ ಆ ಫ್ಯೂಸೇ ಹೋಗುತ್ತದೆ. ಬ್ಯಾಟರಿಯಿಂದ ನಡೆಯುವ ದೀಪ, ಹಾರ್ನ್, ಕೆಲವು ಗಾಡಿಗಳಲ್ಲಿ ಎಂಜಿನ್ ಕೂಡ ಒಟ್ಟಿಗೇ ನಿಲ್ಲುತ್ತವೆ. ಕಬ್ಬಿನ ಟ್ರೇಲರ್‌ಗಳು ಸಾಲುಗಟ್ಟಿದ ರಸ್ತೆಯಲ್ಲಿ, ನಡುರಾತ್ರಿ ಇದಾದರೆ ಏನಾಗಬಹುದು ಎಂದು ತಮಗೆ ಹೇಳಬೇಕಿಲ್ಲ. ಕೂದಲಿನಂಥ ತೆಳು ವೈರು ಎಳೆದಿದ್ದರೆ ಇನ್ನೂ ಅಪಾಯ, ಏಕೆಂದರೆ 15 ಆಂಪಿಯರ್ ಫ್ಯೂಸ್ ಹೋಗುವ ಮೊದಲೇ ಆ ವೈರು ಸುಡುತ್ತದೆ. ಪ್ಲೇಟಿನ ದೀಪಕ್ಕೆ ಬೇಕಾದ ಕರೆಂಟ್ ಅರ್ಧ ಆಂಪಿಯರ್ ಒಳಗೆ. ಆದ್ದರಿಂದ ವೈರು ತೆಗೆದುಕೊಂಡ ಜಾಗದಲ್ಲೇ ಪ್ರತ್ಯೇಕ 1 ಆಂಪಿಯರ್ ಫ್ಯೂಸ್, ಅಲ್ಲಿಂದ ಮುಂದೆ 0.5 ಚದರ ಮಿ.ಮೀ. ವೈರು, ಲೋಹದ ತೂತಿನಲ್ಲಿ ವೈರು ಉಜ್ಜದಂತೆ ತಡೆಯುವ ರಬ್ಬರ್ ಬಳೆ (ಗ್ರೊಮೆಟ್) ಇರಲೇಬೇಕು.

ವೈರು ಎಲ್ಲಿಂದ ತೆಗೆದುಕೊಳ್ಳುತ್ತಾರೆ ಎಂಬುದೂ ಮುಖ್ಯ. ಬ್ಯಾಟರಿಯಿಂದ ನೇರವಾಗಿ ಎಳೆದರೆ ಚಾವಿ ತೆಗೆದ ಮೇಲೂ ದೀಪ ಉರಿಯುತ್ತಲೇ ಇರುತ್ತದೆ. 5 ವ್ಯಾಟ್ ಬಲ್ಬು ತೆಗೆದುಕೊಳ್ಳುವುದು ಸುಮಾರು 0.4 ಆಂಪಿಯರ್. 4 ಆಂಪಿಯರ್-ಅವರ್ ಬ್ಯಾಟರಿ ಒಂದೇ ರಾತ್ರಿಯಲ್ಲಿ ಕುಸಿಯುತ್ತದೆ, ಕಿಕ್ ಇಲ್ಲದ ಗಾಡಿಯನ್ನು ಬೆಳಿಗ್ಗೆ ತಳ್ಳಬೇಕಾಗುತ್ತದೆ. ಬ್ರೇಕ್ ಲೈಟಿನ ವೈರಿಗೆ ಸೇರಿಸಿದರೆ ಬ್ರೇಕ್ ಒತ್ತಿದಾಗ ಮಾತ್ರ ನಂಬರ್ ಕಾಣುತ್ತದೆ. ಲೈಟ್ ಹಾಕಿದಾಗೆಲ್ಲ ಉರಿಯುವ ಟೇಲ್ ಲ್ಯಾಂಪಿನ ವೈರೇ ಸರಿಯಾದ ಜಾಗ. ಅರ್ಥ್ ವೈರನ್ನು ಬಣ್ಣ ಬಳಿದ ಪಟ್ಟಿಗೋ ಪ್ಲಾಸ್ಟಿಕ್ ಮಡ್‌ಗಾರ್ಡಿನ ಬೋಲ್ಟಿಗೋ ಕಟ್ಟುವ ಬದಲು, ಹಳೆಯ ದೀಪದ ಅರ್ಥ್ ವೈರಿಗೇ ಸೇರಿಸಬೇಕು.

ಎಲ್‌ಇಡಿ ಹಾಕುವವರು 12 ವೋಲ್ಟ್ ಎಂದು ಲೆಕ್ಕ ಹಾಕುತ್ತಾರೆ. ಎಂಜಿನ್ ಓಡುವಾಗ ಅದು 14.4ರ ಹತ್ತಿರ ಇರುತ್ತದೆ. ತಲಾ 3.2 ವೋಲ್ಟಿನ ಮೂರು ಬಿಳಿ ಎಲ್‌ಇಡಿ ಸಾಲಾಗಿ ಜೋಡಿಸಿದರೆ 9.6 ವೋಲ್ಟ್, ಉಳಿದ 4.8 ವೋಲ್ಟನ್ನು ರೆಸಿಸ್ಟರ್ ತಿನ್ನಬೇಕು. 270 ಓಮ್, ಕಾಲು ವ್ಯಾಟಿನದು ಹಾಕಿದರೆ ಸುಮಾರು 18 ಮಿಲಿ ಆಂಪಿಯರ್ ಹರಿಯುತ್ತದೆ, ಎಲ್‌ಇಡಿ ಬಾಳುತ್ತದೆ.

ಇದು ಡಿಸಿ ಗಾಡಿಯ, ಅಂದರೆ ಟೇಲ್ ಲ್ಯಾಂಪ್ ಬ್ಯಾಟರಿಯ ಮೇಲೆ ನಡೆಯುವ ಗಾಡಿಯ ಲೆಕ್ಕ. ಹಳೆಯ ಹಲವು 100 ಸಿಸಿ ಗಾಡಿಗಳಲ್ಲಿ ಟೇಲ್ ಲ್ಯಾಂಪ್ ನಡೆಯುವುದು ಎಂಜಿನ್ ಓಡುವಾಗ ಅದರ ಕಾಯಿಲಿನಿಂದ ಬರುವ ಎಸಿ ಮೇಲೆ. ಪರೀಕ್ಷೆ ಸುಲಭ: ಎಂಜಿನ್ ಬಂದ್ ಇಟ್ಟು ಚಾವಿ ಹಾಕಿ, ಲೈಟಿನ ಸ್ವಿಚ್ಚನ್ನೂ ಬ್ರೇಕನ್ನೂ ಒತ್ತಿ. ಬ್ರೇಕ್ ಲೈಟ್ ಹತ್ತಿ, ಟೇಲ್ ಲ್ಯಾಂಪ್ ಹತ್ತದೆ, ಎಂಜಿನ್ ಶುರುವಾದಾಗ ಮಾತ್ರ ಅದು ಹತ್ತಿದರೆ ಹೆಚ್ಚಾಗಿ ಎಸಿ ಎಂದೇ ತಿಳಿಯಬೇಕು. ಅಂಥದಕ್ಕೆ ಎಲ್‌ಇಡಿ ನೇರವಾಗಿ ಕೊಟ್ಟರೆ ಮಿಣುಕುತ್ತದೆ, ತಿರುಗು ವೋಲ್ಟೇಜ್ ತಾಳದೆ ಬೇಗ ಸಾಯುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ನಾಲ್ಕು ಸೇರಿಸಿ, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ಮಾಡಿ, 470 ಮೈಕ್ರೋಫ್ಯಾರಡ್, 35 ವೋಲ್ಟಿನ ಕೆಪ್ಯಾಸಿಟರ್ ಹಾಕಬೇಕು. ಆಗ ವೋಲ್ಟೇಜ್ ಏರುವುದರಿಂದ ರೆಸಿಸ್ಟರ್ 470 ಓಮ್ ಇರಲಿ. ಬಹಳ ಮಂದಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕಾಯಿಲಿನ ಒಂದು ತುದಿ ಮೊದಲೇ ಗಾಡಿಯ ಲೋಹದ ಬಾಡಿಯೊಂದಿಗೆ ಅರ್ಥ್ ಆಗಿರುತ್ತದೆ. ಬ್ರಿಡ್ಜಿನ ಮೈನಸ್ಸನ್ನೂ ಬಾಡಿಯ ಜೊತೆ ಕಟ್ಟಿದರೆ ಒಂದು ಡಯೋಡ್ ಮೂಲಕ ಶಾರ್ಟ್ ಆಗಿ ಆ ಡಯೋಡ್ ಸುಡುತ್ತದೆ. ಎಲ್‌ಇಡಿಯ ಮೈನಸ್ ಬ್ರಿಡ್ಜಿಗೇ ಹಿಂದಿರುಗಬೇಕು, ಬಾಡಿಯನ್ನು ಎಲ್ಲೂ ಮುಟ್ಟಬಾರದು.

ಗಿಡ್ಡ ಬ್ರಾಕೆಟ್ ಜೊತೆಗೆ ಇಂಡಿಕೇಟರ್‌ಗಳೂ ಬದಲಾಗುತ್ತವೆ. ಒಂದು ಬದಿಗೆ 10 ವ್ಯಾಟಿನ ಎರಡು ಬಲ್ಬು ಇದ್ದಲ್ಲಿ ಎಲ್‌ಇಡಿ ಬಂದರೆ ಲೋಡ್ ಸಾಲದೆ, ಇಂಡಿಕೇಟರನ್ನು ಮಿಣುಕಿಸುವ ಹಳೆಯ ಫ್ಲಾಶರ್ ಪಟಪಟನೆ ಬಡಿಯುತ್ತದೆ, ಇಲ್ಲವೇ ಬಡಿಯುವುದೇ ಇಲ್ಲ. ಅದಕ್ಕೆ ಲೋಡ್ ರೆಸಿಸ್ಟರ್ ಕಟ್ಟುತ್ತಾರೆ. ಅದು ಕೈ ಇಡಲಾಗದಷ್ಟು ಕಾಯ್ದು ಪಕ್ಕದ ಪ್ಲಾಸ್ಟಿಕ್ಕನ್ನೂ ವೈರನ್ನೂ ಕರಗಿಸುತ್ತದೆ. ಎಲ್‌ಇಡಿಗೆಂದೇ ಬರುವ ಎಲೆಕ್ಟ್ರಾನಿಕ್ ಫ್ಲಾಶರ್ ಹಾಕುವುದೇ ಸರಿ. ಮೀಟರಿನಲ್ಲಿ ಎರಡೂ ಬದಿಗೆ ಒಂದೇ ಸೂಚಕ ದೀಪವಿರುವ ಗಾಡಿಯಲ್ಲಿ ಆಗಲೂ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಬಡಿಯಬಹುದು. ಆ ದೀಪದ ಒಂದು ಕಾಲಿಗೆ ಎಡ, ಬಲದ ವೈರುಗಳಿಂದ ಒಂದೊಂದು ಡಯೋಡ್ ಕೊಟ್ಟು, ಇನ್ನೊಂದು ಕಾಲನ್ನು ಅರ್ಥ್‌ಗೆ ಕಟ್ಟಿದರೆ ಸರಿಹೋಗುತ್ತದೆ.

ದೀಪ ಪ್ಲೇಟಿನ ಮೇಲ್ಗಡೆ ಇದ್ದು, ಮುಚ್ಚಳದೊಳಗಿಂದ ಕೆಳಗೆ ಮಾತ್ರ ಬೆಳಕು ಬೀಳಬೇಕು. ಹಿಂದೆ ಬರುವವನ ಕಣ್ಣಿಗೆ ಎಲ್‌ಇಡಿ ನೇರವಾಗಿ ಹೊಡೆದರೆ ಅಂಕಿಗಳು ಕಾಣುವುದಿಲ್ಲ. ನೀಲಿ, ಹಸಿರು, ಮಿಣುಕುವ ಪಟ್ಟಿಗಳಿಗಂತೂ ಅಲ್ಲಿ ಜಾಗವೇ ಇಲ್ಲ. 200×100 ಮಿ.ಮೀ. ಪ್ಲೇಟಿಗೆ ಹೊಸ ತೂತು ಕೊರೆಯಬಾರದು, ಅದರ ತೂತಿಗೆ ಹೊಂದುವ ಬ್ರಾಕೆಟ್ಟನ್ನೇ ತರಬೇಕು. ಕೊನೆಗೆ ಇಬ್ಬರನ್ನು ಸೀಟಿನ ಮೇಲೆ ಕೂರಿಸಿ ಜೋರಾಗಿ ಅದುಮಿ ನೋಡಬೇಕು. ಆಗಲೂ ಟೈರಿಗೂ ವೈರಿಗೂ ನಡುವೆ ನಾಲ್ಕು ಬೆರಳು ಜಾಗ ಇರಲಿ. ಕಬ್ಬಿನ ಸೋಗೆಯ ಹೊರೆಯೋ ಗೊಬ್ಬರದ ಚೀಲವೋ ಹೇರಿದ ದಿನ ಅದು ಬೇಕಾಗುತ್ತದೆ.

ತಮ್ಮಲ್ಲಿ ನಮ್ಮ ಬೇಡಿಕೆ ಮೂರು. 15 ವರ್ಷ ತುಂಬಿದ ಬೈಕ್‌ಗಳು ನೋಂದಣಿ ನವೀಕರಣಕ್ಕೆ ಬಂದಾಗ ಪ್ಲೇಟಿನ ದೀಪವನ್ನೂ ಪರೀಕ್ಷಿಸಿ. ನೆರಳಿರುವ ಕಡೆ ನೆಲದ ಮೇಲೆ 15 ಮೀಟರಿಗೆ ಒಂದು ಗೆರೆ ಎಳೆದರೆ ಒಂದು ಗಾಡಿಗೆ ಒಂದು ನಿಮಿಷವೂ ಬೇಕಾಗದು. ಗ್ಯಾರೇಜು, ಆ್ಯಕ್ಸೆಸರಿ ಅಂಗಡಿಗಳ ಗೋಡೆಗೆ ಅಂಟಿಸಲು ಸರಿಯಾದ ವೈರಿಂಗಿನ ಚಿತ್ರವಿರುವ ಒಂದು ಪುಟದ ಕನ್ನಡ ಸೂಚನೆ ಹೊರಡಿಸಿ. ಮೂರನೆಯದಾಗಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಯಾವ ಬ್ರಾಕೆಟ್ ಬದಲಾವಣೆ ತಪ್ಪು, ಮುರಿದದ್ದಕ್ಕೆ ಬದಲಿ ಹಾಕುವುದು ಎಲ್ಲಿಯವರೆಗೆ ಸರಿ ಎಂಬುದನ್ನು ಲಿಖಿತವಾಗಿ ತಿಳಿಸಿ. 182ಎ ಕಲಮಿನಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡವಿದೆ. ದಂಡ ಕಟ್ಟಿದವನು ಅದೇ ಕತ್ತಲ ಪ್ಲೇಟಿನೊಂದಿಗೆ ಮನೆಗೆ ಹೋದರೆ ರಸ್ತೆಗೆ ಏನೂ ಉಪಯೋಗವಿಲ್ಲ. ದೀಪ ಸರಿಪಡಿಸಿ ತಂದು ತೋರಿಸಲು ಅವನಿಗೆ ಕೆಲವು ದಿನ ಕೊಡುವುದು ಸಾಧ್ಯವೇ ಎಂದೂ ಯೋಚಿಸಿ.

ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವ ಮುನ್ನವೇ ಆ ಸೂಚನೆ ಗ್ಯಾರೇಜುಗಳಿಗೆ ಮುಟ್ಟಬೇಕು. ಡಿಸಿ ಗಾಡಿಗೊಂದು, ಎಸಿ ಗಾಡಿಗೊಂದು ವೈರಿಂಗ್ ಚಿತ್ರ ಬರೆದು, ಬೇಕಾಗುವ ಭಾಗಗಳ ಪಟ್ಟಿಯನ್ನೂ ಸೇರಿಸಿ ತಮ್ಮ ಕಚೇರಿಗೆ ತಂದುಕೊಡಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ದ್ವಿಚಕ್ರ ವಾಹನಗಳ ವೈರಿಂಗ್ ಕೆಲಸಗಾರರು,
ಬಾಗಲಕೋಟೆ