ನರೆದಲೆಗನ ಗೆಲುವು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. ಮೇಲಿನವರು ಕೆಳಗಾಗಿ ಕೆಳಗಿನವರು ಮೇಲಾಗುವ ಹಾಡು, ಕಾವ್ಯವೆಲ್ಲ ಕಾಲ ಕೆಟ್ಟಿತೆಂಬ ಗೋಳೇ ಎಂದೆ ನೀನು. ಆಗ ನಾನು ಬಸ್ಸಿನ ಗದ್ದಲದಲ್ಲಿದ್ದೆ, ಉತ್ತರಿಸಲಾಗಲಿಲ್ಲ.

ಗೋಳು ಇದೆ, ಒಪ್ಪುತ್ತೇನೆ. ಭಾಗವತದ ಹನ್ನೆರಡನೆಯ ಸ್ಕಂಧ ಕಲಿಯುಗದ ಕೇಡುಗಳನ್ನು ಎಣಿಸುವಾಗ ಶೂದ್ರರು ಎತ್ತರದ ಪೀಠವೇರಿ ಧರ್ಮ ಹೇಳುವುದನ್ನೂ ಅವುಗಳಲ್ಲಿ ಸೇರಿಸುತ್ತದೆ. ಪೀಠದ ಮೇಲಿದ್ದವರಿಗೆ ಅದು ಕೇಡೆಂದೇ ಕಂಡಿರಬೇಕು. ಅದೇ ಚಿತ್ರವನ್ನು ನಮ್ಮ ಕನ್ನಡದವರು ಹಂಬಲದಿಂದ ಬರೆದರು. ಬಿಜ್ಜಳನ ಭಂಡಾರಿಯಾಗಿದ್ದ, ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದ ಬಸವಣ್ಣನವರು ಒಂದು ವಚನದಲ್ಲಿ ತಮ್ಮ ಹುಟ್ಟನ್ನೇ ಬೇರೆಯಾಗಿ ಹೇಳಿಕೊಳ್ಳುತ್ತಾರೆ: ಮಾದಾರ ಚೆನ್ನಯ್ಯನ ಮನೆಯ ದಾಸನ ಮಗ, ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳು, ಇಬ್ಬರೂ ಹೊಲಕ್ಕೆ ಬೆರಣಿಗೆ ಹೋದಾಗ ಕೂಡಿದರು, ಅವರಿಗೆ ಹುಟ್ಟಿದವನು ನಾನು ಎಂದು. ಅಸ್ಪೃಶ್ಯರೆನಿಸಿದ ಕುಲದ ಶರಣ ಚೆನ್ನಯ್ಯನ ಮಗ ಎಂದಿದ್ದರೂ ಸಾಕಿತ್ತು. ಆ ಮನೆಯ ಆಳಿನ ಮಗನಿಗೆ ಹುಟ್ಟಿದವನು ಎನ್ನುವಷ್ಟು ಕೆಳಗೆ ಇಳಿದರಲ್ಲ, ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಆದರೆ ನನ್ನ ಎದೆಗೆ ಹತ್ತಿರವಾದದ್ದು ಕನಕದಾಸರ ರಾಮಧಾನ್ಯ ಚರಿತೆ. ಲಂಕೆಯಿಂದ ಮರಳುವ ರಾಮ ಧಾನ್ಯಗಳಲ್ಲಿ ಯಾವುದು ಹೆಚ್ಚಿನದೆಂದು ಕೇಳುತ್ತಾನೆ. ಗೌತಮ ಮುನಿ ನರೆದಲೆಗ, ಅಂದರೆ ರಾಗಿ, ಎನ್ನುತ್ತಾನೆ. ಅಕ್ಕಿ ಸಿಡಿದೇಳುತ್ತದೆ, ಶೂದ್ರರ ಅನ್ನವೆಂದು ರಾಗಿಯನ್ನು ಹಳಿಯುತ್ತದೆ. ರಾಗಿಯೇನು ಸುಮ್ಮನಿರುತ್ತದೆಯೇ? ನೀನು ಬಡವರನ್ನು ಕಣ್ಣೆತ್ತಿ ನೋಡದೆ ಹಣವಂತರ ಬೆನ್ನು ಹತ್ತುವವನು, ಹೆಣದ ಬಾಯಿಗೆ ತುತ್ತಾಗುವವನು ಎಂದು ತಿರುಗಿ ಬಯ್ಯುತ್ತದೆ. ಭಾಮಿನಿ ಷಟ್ಪದಿಯಲ್ಲಿ ಆ ಜಗಳವನ್ನು ಗಟ್ಟಿಯಾಗಿ ಓದಿ ನೋಡು, ಊರ ಜಗುಲಿಯ ಮೇಲೆ ಕುಳಿತಂತಾಗುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತಂದಾಗ ಅಕ್ಕಿ ಸೊರಗಿದೆ, ರಾಗಿ ಇದ್ದ ಹಾಗೇ ಇದೆ. ರಾಮ ತನ್ನ ರಾಘವ ಎಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಈ ಸೆರೆಮನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಹಳೆಯ ಮನೆಯ ಮುಂದೆ ರಾಗಿಯ ಹಗೇವು, ಅಂದರೆ ನೆಲದೊಳಗೆ ಧಾನ್ಯ ಕೂಡಿಡುವ ಗುಂಡಿ, ಇತ್ತು. ಒಬ್ಬರು ಇಳಿಯುವಷ್ಟೇ ಕಿರಿದಾದ ಬಾಯಿ, ಒಳಗೆ ಕೊಪ್ಪರಿಗೆಯಂತೆ ಅಗಲ. ರಾಗಿ ತುಂಬಿ, ಹುಲ್ಲು ಹೊದಿಸಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದ ದಿನ ಅಜ್ಜ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು; ಅದು ಆರಿದರೆ ಯಾರೂ ಇಳಿಯುವಂತಿರಲಿಲ್ಲ. ದೀಪ ಆರುವ ಆ ಕತ್ತಲೆಯಲ್ಲಿ ವರ್ಷಗಟ್ಟಲೆ ಕಳೆದ ರಾಗಿ ಹುಳು ಹಿಡಿಯದೆ ಮೇಲೆ ಬರುತ್ತಿತ್ತು. ಅದೇ ರಾಗಿ ತಿಂದು ಬೆಳೆದ ಮನೆಯಲ್ಲಿ ನೆಂಟರು ಬಂದರೆ ಅಜ್ಜಿ ಮುದ್ದೆಯ ಪಾತ್ರೆಯನ್ನು ಮರೆಗೆ ಸರಿಸಿ, ಪಕ್ಕದ ಮನೆಯಿಂದ ಸೇರು ಅಕ್ಕಿ ಕಡ ತರುತ್ತಿದ್ದಳು. ಆ ನಾಚಿಕೆ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಈ ಕಾವ್ಯ ಓದಿದ ಮೇಲೆ. ಕನಕದಾಸರು ಧಾನ್ಯವನ್ನು ಅಳೆಯುವ ಜಾಗವನ್ನೇ ಬದಲಿಸಿದರು ನೋಡು. ಎಲೆಯ ಮೇಲೆ ಅಳೆದರೆ ಬೆಳ್ಳಗಿರುವ ಅಕ್ಕಿ ಗೆಲ್ಲುತ್ತದೆ, ಬರಗಾಲದ ಕಣಜದಲ್ಲಿ ಅಳೆದರೆ ರಾಗಿ.

ಕೊನೆಯಲ್ಲಿ ರಾಮ ಅಕ್ಕಿಯನ್ನೂ ಸಮಾಧಾನಪಡಿಸುತ್ತಾನೆ. ಕಾಲೇಜಿನ ದಿನಗಳಲ್ಲಿ ಅದು ಅಂಜಿ ಮಾಡಿಕೊಂಡ ರಾಜಿಯೆಂದು ನನಗೆ ಸಿಟ್ಟು ಬಂದಿತ್ತು. ಈಗ ಹಾಗನ್ನಿಸುವುದಿಲ್ಲ. ಸೋತವರಿಗೂ ಪಂಕ್ತಿಯಲ್ಲಿ ಜಾಗ ಬಿಟ್ಟದ್ದರಿಂದಲೇ ಆ ಗೆಲುವು ನನಗೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಸಂಕ್ರಾಂತಿಗೆ ಊರಿಗೆ ಬಾ. ಹಗೇವಿಗೆ ಮಣ್ಣು ತುಂಬಿದ್ದಾರೆ, ಚಪ್ಪಡಿ ಮಾತ್ರ ಹಾಗೇ ಉಳಿದಿದೆ. ಅದರ ಮೇಲೆ ಕುಳಿತು ಆ ಜಗಳವನ್ನು ಓದೋಣ: ನೀನು ಅಕ್ಕಿಯ ಮಾತು ಓದು, ನಾನು ರಾಗಿಯದು.

ನಿನ್ನ ಗೆಳೆಯ