ಮನೆಯಲ್ಲಿ ಹಾಕಿದ್ದಕ್ಕೆ ವಾರಂಟಿ ಇಲ್ಲವೆಂದರೆ: ಸಸ್ಪೆನ್ಷನ್ ಕಿಟ್ ಕಂಪನಿಗೆ ದೂರು

ಇವರಿಂದ:
ನಿಮ್ಮ ಗ್ರಾಹಕ,
ಬಸವೇಶ್ವರನಗರ, ಬೆಂಗಳೂರು

ಇವರಿಗೆ:
ಗ್ರಾಹಕರ ದೂರು ಪರಿಹಾರ ಅಧಿಕಾರಿಗಳು

ವಿಷಯ: ಸಣ್ಣ ಕಾರಿನ ಸಸ್ಪೆನ್ಷನ್ ಕಿಟ್ಟಿನಲ್ಲಿ ತಪ್ಪು ಸ್ಟ್ರಟ್, ಜೋಡಿಯಲ್ಲದ ಸ್ಪ್ರಿಂಗ್, ಸೋರುವ ಶಾಕರ್ ಮತ್ತು ಅಪಾಯಕಾರಿ ಸೂಚನಾ ಹಾಳೆ.

ಮಾನ್ಯರೇ,

ಮುಂದಿನ ಸ್ಟ್ರಟ್ (ಸ್ಪ್ರಿಂಗನ್ನೂ ಹೊರುವ ಶಾಕರ್) ಎರಡು, ಹಿಂದಿನ ಶಾಕರ್ (ಕುಲುಕಾಟ ತಡೆಯುವ ಎಣ್ಣೆಯ ಕೊಳವೆ) ಎರಡು, ಕಾಯಿಲ್ ಸ್ಪ್ರಿಂಗ್ ನಾಲ್ಕು, ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರ್ತಿ ಒತ್ತಿದಾಗ ತಾಗುವ ಮೆತ್ತನೆಯ ತಡೆ) ನಾಲ್ಕು ಇರುವ ನಿಮ್ಮ ಕಿಟ್ಟಿನ ಬಗ್ಗೆ ಫೋನಿನಲ್ಲಿ ಕೊಟ್ಟ ದೂರಿಗೆ ನಿಮ್ಮ ಕಸ್ಟಮರ್ ಕೇರ್ ಕಳಿಸಿದ ಉತ್ತರ ಇಷ್ಟೇ: ‘ಅಧಿಕೃತ ಗ್ಯಾರೇಜಿನಲ್ಲಿ ಅಳವಡಿಸದ ಕಾರಣ ವಾರಂಟಿ ಅನ್ವಯಿಸುವುದಿಲ್ಲ.’ ಅದೇ ಕಿಟ್ಟಿನ ಜಾಹೀರಾತಿನಲ್ಲಿ ನೀವೇ ಹಾಕಿಸಿರುವ ಮಾತು: ‘ಮನೆಯಲ್ಲೇ ಹಾಕಿಕೊಳ್ಳಿ, ಮಾಮೂಲಿ ಟೂಲ್ಸ್ ಸಾಕು.’ ಮಾರುವಾಗ ಒಂದು ಮಾತು, ದೂರು ಬಂದಾಗ ಇನ್ನೊಂದು ಮಾತು ಆಗಬಾರದು. ಅದು ಹಾಗಿರಲಿ, ಕೆಳಗೆ ಬರೆದಿರುವ ಯಾವ ದೋಷವೂ ಅಳವಡಿಕೆಯಿಂದ ಹುಟ್ಟಿದ್ದಲ್ಲ. ಬಹುಪಾಲನ್ನು ಗಾಡಿಯ ಹತ್ತಿರವೂ ಹೋಗದೆ, ಮೇಜಿನ ಮೇಲಿಟ್ಟು ತೋರಿಸಬಹುದು.

ಮೊದಲು ಸ್ಟ್ರಟ್. ಒಂದು ಪೆಟ್ಟಿಗೆಯ ಮೇಲೆ ‘ಎಡ’, ಇನ್ನೊಂದರ ಮೇಲೆ ‘ಬಲ’ ಎಂಬ ಸ್ಟಿಕ್ಕರ್ ಇದೆ. ಆದರೆ ಒಳಗಿನ ಎರಡೂ ಕೊಳವೆಗಳ ಮೇಲೆ ಒತ್ತಿರುವ ಅಕ್ಷರ ‘ಎಲ್’. ಅಂದರೆ ಎರಡೂ ಎಡಗಡೆಯವು. ಮ್ಯಾಕ್‌ಫರ್ಸನ್ ಎಂಬ ಈ ಬಗೆಯ ಸ್ಟ್ರಟ್‌ನಲ್ಲಿ ಬ್ರೇಕ್ ಹೋಸ್ ಹಿಡಿಯುವ ಬ್ರಾಕೆಟ್, ಎಬಿಎಸ್ ವೈರಿನ ಕ್ಲಿಪ್, ತಿರುವಿನಲ್ಲಿ ಗಾಡಿ ವಾಲುವುದನ್ನು ತಗ್ಗಿಸುವ ಸ್ಟೆಬಿಲೈಸರ್‌ನ ಲಿಂಕ್ ಕೂರುವ ಕಿವಿ ಇವೆಲ್ಲ ಎಡಕ್ಕೊಂದು ದಿಕ್ಕು, ಬಲಕ್ಕೊಂದು ದಿಕ್ಕು. ಎಡದ್ದನ್ನು ಡ್ರೈವರ್ ಕಡೆ ಹಾಕಿದರೆ ನಕಲ್‌ನ (ಚಕ್ರವನ್ನು ಹೊರುವ ಲೋಹದ ಭಾಗದ) ಎರಡು ಬೋಲ್ಟ್‌ಗಳೇನೋ ಸೇರುತ್ತವೆ, ಅಪಾಯ ಇರುವುದೇ ಅಲ್ಲಿ. ‘ಕೂತಿತು’ ಎಂದುಕೊಂಡು ಮುಂದುವರಿದವರ ಗಾಡಿಯಲ್ಲಿ ಲಿಂಕ್ ರಾಡ್ ಓರೆಯಾಗಿ ನಿಲ್ಲುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ. ಇದು ಪ್ಯಾಕಿಂಗ್ ಹಂತದ ತಪ್ಪು. ನನಗೆ ಎರಡು ಎಡ ಬಂದಿದ್ದರೆ ಇನ್ಯಾರಿಗೋ ಎರಡು ಬಲ ಹೋಗಿರುವ ಸಾಧ್ಯತೆ ಇದೆ. ಆ ಬ್ಯಾಚನ್ನು ತಪಾಸಣೆ ಮಾಡಿ.

ಎರಡನೆಯದು ಮುಂದಿನ ಸ್ಪ್ರಿಂಗ್. ಎರಡರ ಉದ್ದವೂ ಒಂದೇ, ಸುತ್ತುಗಳ ಲೆಕ್ಕವೂ ಒಂದೇ, ಬಣ್ಣವೂ ಒಂದೇ. ಹಾಗಾಗಿ ಕಣ್ಣಳತೆಗೆ ಸಿಗುವುದಿಲ್ಲ. ವರ್ನಿಯರ್ ಹಿಡಿದರೆ ಒಂದರ ತಂತಿ 12.0 ಮಿ.ಮೀ., ಇನ್ನೊಂದರದು 11.6 ಮಿ.ಮೀ. ಪೌಡರ್ ಕೋಟಿಂಗ್‌ನ ವ್ಯತ್ಯಾಸ ಎಂದು ತಳ್ಳಿಹಾಕಲು ಬರುವುದಿಲ್ಲ. ಆ ಲೇಪನ ಸಾಮಾನ್ಯವಾಗಿ 0.1 ಮಿ.ಮೀ. ಆಸುಪಾಸು, ಒಂದರಲ್ಲಿ ಲೇಪನವೇ ಇಲ್ಲವೆಂದುಕೊಂಡರೂ ವ್ಯಾಸದಲ್ಲಿ 0.2ರಷ್ಟು ಕಡಿಮೆಯಾದೀತು. ಕಾಯಿಲ್ ಸ್ಪ್ರಿಂಗ್‌ನ ಬಿಗಿ ತಂತಿಯ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ ಎಂಬುದು ನಿಮ್ಮ ಎಂಜಿನಿಯರ್‌ಗಳಿಗೆ ಹೊಸದಲ್ಲ. ಆ ಲೆಕ್ಕದಲ್ಲಿ ಒಂದು ಸ್ಪ್ರಿಂಗ್ ಇನ್ನೊಂದಕ್ಕಿಂತ ಶೇ 14ಕ್ಕೂ ಹೆಚ್ಚು ಗಡಸು. ಒಂದೇ ಆಕ್ಸಲಿನಲ್ಲಿ ಇಂಥ ಜೋಡಿ ಹಾಕಿದರೆ ನಿಂತ ಗಾಡಿಯೇ ಒಂದು ಬದಿಗೆ ವಾಲುತ್ತದೆ. ಹಂಪ್ ದಾಟುವಾಗ ಮೆತ್ತನೆಯ ಕಡೆಯ ಬಂಪ್ ಸ್ಟಾಪ್ ಮೊದಲು ತಾಗುತ್ತದೆ. ಇದಕ್ಕೆ ವೀಲ್ ಅಲೈನ್‌ಮೆಂಟ್‌ನಿಂದ ಪರಿಹಾರವಿಲ್ಲ.

ಹಿಂದಿನ ಶಾಕರ್‌ಗಳನ್ನು ಮಾತ್ರ ಗಾಡಿಗೆ ಹಾಕಲಾಗಿತ್ತು. ಅದರಲ್ಲಿ ಎಡಗಡೆಯದು ಸೋರಿದೆ. ‘ತಪ್ಪಾಗಿ ಹಾಕಿದ್ದರಿಂದ ಸೋರಿದೆ’ ಎಂಬುದು ನಿಮ್ಮ ಪ್ರತಿನಿಧಿಯ ವಾದ. ಹಾಕುವವರ ಕೈತಪ್ಪಿನಿಂದ ಸೀಲ್ ಹಾಳಾಗುವ ಮುಖ್ಯ ದಾರಿ ಒಂದೇ: ಮೇಲಿನ ನಟ್ ಬಿಗಿಮಾಡುವಾಗ ರಾಡ್ ತಿರುಗದಿರಲೆಂದು ಅದರ ಹೊಳಪಿನ ಭಾಗವನ್ನೇ ಪ್ಲೈಯರ್‌ನಲ್ಲಿ ಕಚ್ಚಿ ಹಿಡಿಯುವುದು. ಆಗ ಕ್ರೋಮ್ ಮೇಲೆ ಗೀರು ಬಿದ್ದು, ಆ ಗೀರು ಪ್ರತಿ ಸಲ ಸೀಲನ್ನು ಕೊಯ್ಯುತ್ತದೆ. ಲಗತ್ತಿಸಿದ ಫೋಟೊಗಳಲ್ಲಿ ರಾಡನ್ನು ಪೂರ್ತಿ ಎಳೆದು ತೋರಿಸಿದೆ, ಒಂದು ಗೀರೂ ಇಲ್ಲ. ಸ್ಪ್ಯಾನರಿನ ಗುರುತು ಇರುವುದು ರಾಡ್ ತುದಿಯ ಚಪ್ಪಟೆ ಭಾಗದಲ್ಲಿ ಮಾತ್ರ, ಅದು ಇರಬೇಕಾದದ್ದೇ ಅಲ್ಲಿ. ಸೀಲಿನ ಸುತ್ತ ತೆಳ್ಳಗೆ ತೇವ ಇದ್ದರೆ ಅದು ದೋಷವಲ್ಲ ಎಂಬುದೂ ಗೊತ್ತು. ಇಲ್ಲಿ ಎಣ್ಣೆ ಕೊಳವೆಯುದ್ದಕ್ಕೂ ಇಳಿದು ಕೆಳಗಿನ ರಬ್ಬರ್ ಬುಷ್‌ವರೆಗೆ ಬಂದಿದೆ. ಇನ್ನೂ ಅನುಮಾನವಿದ್ದರೆ ಶಾಕರನ್ನು ನೆಟ್ಟಗೆ ನಿಲ್ಲಿಸಿ ರಾಡನ್ನು ಪೂರ್ತಿ ಒಳಗೆ ಒತ್ತಿ ಬಿಡಿ. ಗ್ಯಾಸ್ ಇರುವ ಶಾಕರ್‌ನ ರಾಡ್ ನಿಧಾನವಾಗಿ ತಾನೇ ಮೇಲೇಳಬೇಕು. ಬಲಗಡೆಯದು ಏಳುತ್ತದೆ, ಎಡಗಡೆಯದು ಒತ್ತಿದಲ್ಲೇ ಉಳಿಯುತ್ತದೆ.

ಇಷ್ಟನ್ನೂ ಬದಲಾಯಿಸಿಕೊಟ್ಟರೆ ಮುಗಿಯಿತು ಎನ್ನಬಹುದಿತ್ತು. ಆದರೆ ಕಿಟ್ಟಿನ ಜೊತೆ ಇಟ್ಟಿರುವ ಸೂಚನಾ ಹಾಳೆಯನ್ನು ಓದಿದ ಮೇಲೆ ಹಾಗೆ ಬಿಡಲಾಗುವುದಿಲ್ಲ.

ಆ ಹಾಳೆಯ ಪ್ರಕಾರ ಹಳೆಯ ಸ್ಟ್ರಟ್ ಹೊರತೆಗೆದ ಮೇಲೆ ‘ಮೇಲಿನ ನಟ್ ಬಿಚ್ಚಿ ಸ್ಪ್ರಿಂಗ್ ತೆಗೆಯಿರಿ’. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನವಾದ ಸ್ಪ್ರಿಂಗ್ ಕಂಪ್ರೆಸರ್‌ನ ಹೆಸರು ಇಡೀ ಹಾಳೆಯಲ್ಲಿ ಎಲ್ಲೂ ಇಲ್ಲ. ಗಾಡಿಯಿಂದ ಕಳಚಿದ ಸ್ಟ್ರಟ್‌ನಲ್ಲೂ ಸ್ಪ್ರಿಂಗ್ ಒತ್ತಿಕೊಂಡೇ ಕೂತಿರುತ್ತದೆ. ಅದನ್ನು ತಡೆದಿರುವುದು ಆ ಒಂದು ನಟ್. ಹಾಳೆ ಹೇಳಿದಂತೆ ಮಾಡಿದವರ ಮುಖಕ್ಕೆ ಮೌಂಟಿಂಗ್, ಬೇರಿಂಗ್, ಸ್ಪ್ರಿಂಗ್ ಸೀಟ್ ಎಲ್ಲವೂ ಒಟ್ಟಿಗೆ ಗುಂಡಿನಂತೆ ಹಾರುತ್ತವೆ. ಸರಿಯಾದ ಕ್ರಮವನ್ನು ನೀವು ಬರೆಯಬೇಕಿತ್ತು, ಬರೆಯದ್ದರಿಂದ ನಾನು ಬರೆಯುತ್ತಿದ್ದೇನೆ. ಕಂಪ್ರೆಸರಿನ ಎರಡು ಕೊಕ್ಕೆ-ಜೋಡಿಗಳನ್ನು ಸ್ಪ್ರಿಂಗಿನ ಎದುರುಬದುರು ಬದಿಗೆ, ಆದಷ್ಟು ಹೆಚ್ಚು ಸುತ್ತುಗಳು ಒಳಗೆ ಬರುವಂತೆ ಹಾಕಬೇಕು. ಕೈರಾಚೆಟ್‌ನಲ್ಲಿ ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ಬಿಗಿಮಾಡುತ್ತ ಹೋಗಬೇಕು, ಇಂಪ್ಯಾಕ್ಟ್ ಗನ್ ಬಳಸಬಾರದು. ಸ್ಪ್ರಿಂಗ್ ಸೀಟಿನಲ್ಲಿ ಸಡಿಲವಾಗಿ ಕೈಯಲ್ಲಿ ತಿರುಗುವಷ್ಟಾದ ಮೇಲೆಯೇ ನಟ್‌ಗೆ ಕೈಹಾಕಬೇಕು. ಮತ್ತೆ ಜೋಡಿಸುವಾಗ ಸ್ಪ್ರಿಂಗಿನ ಕೆಳತುದಿ ಸೀಟಿನ ಮೆಟ್ಟಿಲಿಗೆ ತಾಗಿ ಕೂತಿರಬೇಕು. ಇಲ್ಲವಾದರೆ ಮೊದಲ ಗುಂಡಿಗೇ ಟಕ್ಕೆಂದು ಜಾರುತ್ತದೆ.

ಇದೇ ಹಾಳೆ ಹಿಂದಿನ ಶಾಕರ್‌ನ ಕೆಳಗಿನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗಲೇ ‘ಚೆನ್ನಾಗಿ ಬಿಗಿಮಾಡಿ’ ಎನ್ನುತ್ತದೆ. ಹಾಗೆ ಮಾಡಿದರೆ ಗಾಡಿ ಕೆಳಗಿಳಿಯುತ್ತಲೇ ಬುಷ್‌ನ ರಬ್ಬರ್ ತಿರುಚಿಕೊಂಡು ಸದಾ ಎಳೆತದಲ್ಲಿರುತ್ತದೆ, ಬೇಗ ಹರಿಯುತ್ತದೆ. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಬೀಮ್ ಕೆಳಗೆ ಜಾಕ್ ಕೊಟ್ಟು, ಗಾಡಿಯ ಭಾರ ಅದರ ಮೇಲೆ ಬಂದ ಮೇಲೆ ಕೊನೆಯ ಬಿಗಿ ಕೊಡಬೇಕು. ಇನ್ನು ‘ಚೆನ್ನಾಗಿ’ ಎಂದರೆ ಎಷ್ಟು? ಟಾರ್ಕ್ ರೆಂಚ್‌ಗೆ ನ್ಯೂಟನ್ ಮೀಟರ್ ಬೇಕು. ಸ್ಟ್ರಟ್ ಮತ್ತು ನಕಲ್ ಸೇರುವ ಬೋಲ್ಟ್‌ಗಳ ಹಿಡಿತ ಸಾಲದಿದ್ದರೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ತಾನಾಗಿ ಬದಲಾಗುತ್ತದೆ. ಹಿಂಬದಿ ಎತ್ತಿದಾಗ ಹ್ಯಾಂಡ್‌ಬ್ರೇಕ್ ಕೆಲಸಕ್ಕೆ ಬಾರದು, ಅದು ಹಿಡಿಯುವುದೇ ಆ ಗಾಳಿಯಲ್ಲಿರುವ ಚಕ್ರಗಳನ್ನು, ಆದ್ದರಿಂದ ಮುಂದಿನ ಚಕ್ರಗಳಿಗೆ ಅಡ್ಡಕಟ್ಟೆ ಕೊಡಿ ಎಂಬ ಒಂದು ಸಾಲೂ ಇಲ್ಲ. ಜಾಕ್ ಸ್ಟ್ಯಾಂಡ್, ಕೊನೆಗೆ ಅಲೈನ್‌ಮೆಂಟ್, ಇವೂ ಇಲ್ಲ. ಹಾಳೆಯ ಅರ್ಧ ಭಾಗ ನಿಮ್ಮ ಲೋಗೊ ಸ್ಟಿಕ್ಕರನ್ನು ಎಲ್ಲಿ ಅಂಟಿಸಬೇಕೆಂಬ ಚಿತ್ರಕ್ಕೆ ಹೋಗಿದೆ.

ನಿಮ್ಮ ಪ್ರತಿನಿಧಿ ಫೋನಿನಲ್ಲಿ ‘ಇದು ಹೇಗಿದ್ದರೂ ಕಾನೂನಿಗೆ ವಿರುದ್ಧವಾದ ಮಾರ್ಪಾಡು’ ಎಂದೂ ಹೇಳಿದ್ದಾರೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ತಡೆಯುವುದು ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು. ಆರ್‌ಸಿಯಲ್ಲಿ ಶಾಕರ್‌ನ ಹೆಸರೂ ಇಲ್ಲ, ಸ್ಪ್ರಿಂಗಿನ ಅಳತೆಯೂ ಇಲ್ಲ. ನಿಮ್ಮ ಪ್ರತಿನಿಧಿಯ ಮಾತೇ ನಿಜವಾಗಿದ್ದರೆ ನೀವು ಮಾರುತ್ತಿರುವುದು ಏನನ್ನು?

ನನ್ನ ಬೇಡಿಕೆ ಹೀಗಿದೆ. ಬಲಗಡೆಯ ಸ್ಟ್ರಟ್ ಒಂದು, ಬಿಗಿ ಪರೀಕ್ಷಿಸಿ ಜೋಡಿ ಮಾಡಿದ ಮುಂದಿನ ಸ್ಪ್ರಿಂಗ್ ಎರಡು, ಹಿಂದಿನ ಶಾಕರ್ ಎರಡೂ (ಒಂದೇ ಆಕ್ಸಲಿನಲ್ಲಿ ಒಂದನ್ನು ಮಾತ್ರ ಬದಲಾಯಿಸುವುದು ಪದ್ಧತಿಯಲ್ಲ) ನಿಮ್ಮ ಖರ್ಚಿನಲ್ಲಿ ಕಳಿಸಿ, ದೋಷದ ಪಾರ್ಟ್ಸ್ ವಾಪಸ್ ಒಯ್ಯಿರಿ. ಅದಾಗದಿದ್ದರೆ ಬಿಲ್‌ನ ಪೂರ್ತಿ ಹಣ ಮರಳಿಸಿ. ಯಾವುದನ್ನು ಆರಿಸಿಕೊಂಡರೂ, ಕಿಟ್ ಕೊಂಡ ಎಲ್ಲರಿಗೂ ಸ್ಪ್ರಿಂಗ್ ಕಂಪ್ರೆಸರ್ ಬಗ್ಗೆ ತಕ್ಷಣ ಎಚ್ಚರಿಕೆಯ ಮೆಸೇಜು ಕಳಿಸಿ, ಟಾರ್ಕ್ ಅಂಕಿಗಳಿರುವ ಹೊಸ ಹಾಳೆಯನ್ನು ಕನ್ನಡದಲ್ಲೂ ಕೊಡಿ. ಆ ಹಾಳೆಯಿಂದ ಯಾರಿಗಾದರೂ ಪೆಟ್ಟಾದರೆ, ಸರಿಯಾದ ಸೂಚನೆ ಮತ್ತು ಎಚ್ಚರಿಕೆ ಕೊಡದ ತಯಾರಕರನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 84ನೇ ಸೆಕ್ಷನ್ ಹೊಣೆ ಮಾಡುತ್ತದೆ.

ಆನ್‌ಲೈನ್ ಮಾರಾಟಕ್ಕೆ ಅನ್ವಯಿಸುವ 2020ರ ಇ-ಕಾಮರ್ಸ್ ನಿಯಮಗಳಂತೆ ಈ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದು ಮೀರಿದರೆ 1915 ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಶಾಂತಿನಗರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಕಚೇರಿ ಎಲ್ಲೇ ಇರಲಿ, ಗ್ರಾಹಕ ವಾಸವಿರುವ ಊರಿನಲ್ಲೇ ದೂರು ಹೂಡಲು ಕಾಯ್ದೆಯಲ್ಲಿ ಅವಕಾಶವಿದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಬಿಲ್ಲಿನ ಪ್ರತಿ, ಅಳತೆಯ ಫೋಟೊಗಳು, ರಾಡ್ ಪರೀಕ್ಷೆಯ ವಿಡಿಯೊ ಮತ್ತು ನಿಮ್ಮ ಹಾಳೆಯ ಸ್ಕ್ಯಾನ್ ಇದರ ಜೊತೆಗಿವೆ. ಗಾಡಿ ಸದ್ಯ ಹಳೆಯ ಪಾರ್ಟ್ಸ್ ಮೇಲೆಯೇ ಓಡುತ್ತಿದೆ. ನಿಮ್ಮ ಪಾರ್ಟ್ಸ್ ಎಲ್ಲ ಮೂಲ ಪೆಟ್ಟಿಗೆಗಳಲ್ಲೇ ಇವೆ. ಸೋರಿದ ಶಾಕರನ್ನು ಮಾತ್ರ ಎಣ್ಣೆ ಹರಡದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸಿದ್ದೇನೆ. ಒಯ್ಯಲು ಬರುವವರಿಗೆ ಅದನ್ನು ಅಡ್ಡ ಮಲಗಿಸಬೇಡಿ ಎಂದು ತಿಳಿಸಿರಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)