ಕುರ್ಚಿ ತಗೊಳ್ಳಲೋ ಬೇಡವೋ, ಸಿಲಿಂಡರ್?

ಲೋ ಸಿಲಿಂಡರ್,

ಫೋನ್ ಮಾಡಿದರೆ ಎತ್ತಲ್ಲ. ಮೆಸೇಜ್ ಹಾಕಿದರೆ ನೀಲಿ ಗೀಟು ಬರುತ್ತೆ, ಉತ್ತರ ಬರಲ್ಲ. ಅದಕ್ಕೇ ಊರೆಲ್ಲ ಓದೋ ಜಾಗದಲ್ಲಿ ಬರೀತಿದ್ದೀನಿ, ಯಾರಾದರೂ ಪುಣ್ಯಾತ್ಮರು ನಿನಗೆ ತೋರಿಸೇ ತೋರಿಸ್ತಾರೆ. ಛತ್ರಿ ವಿಷಯ ಎತ್ತಲ್ಲ, ಹೆದರಬೇಡ. ನಿಮ್ಮ ಮಾವನ ಮನೆಯವರೂ ಇಲ್ಲೇ ಎಲ್ಲೋ ಇದ್ದಾರೆ ಅಂತ ಗೊತ್ತು.

ವಿಷಯ ಒಂದು ಕುರ್ಚಿದು. ತಗೊಳ್ಳಲೋ ಬೇಡವೋ ಅಂತ ಒದ್ದಾಡ್ತಿದ್ದೀನಿ. ನಗಬೇಡ. ಟಮಕದ ಸೈಟಿಗೆ ಅಡ್ವಾನ್ಸ್ ಕೊಡುವಾಗಲೂ ನಾನು ಇಷ್ಟು ಹೊರಳಾಡಿರಲಿಲ್ಲ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಹಳೇ ಸಾಮಾನಿನ ಅಂಗಡಿ. ಹೊರಗೆ ತುಕ್ಕು ಹಿಡಿದ ಬೀರು, ಕನ್ನಡಿ ಇಲ್ಲದ ಡ್ರೆಸಿಂಗ್ ಟೇಬಲ್. ಒಳಗಿನ ಕತ್ತಲಲ್ಲಿ ಇದು. ಉದ್ದ ಕೈಗಳ ಆರಾಮ ಕುರ್ಚಿ. ಆ ಕೈಗಳ ಅಡಿಯಲ್ಲಿ ಇನ್ನೊಂದು ಜೊತೆ ಪಟ್ಟಿ ಮಡಚಿಕೊಂಡಿರುತ್ತೆ, ಹೊರಕ್ಕೆ ತಿರುಗಿಸಿದರೆ ಕಾಲು ಚಾಚಿ ಅದರ ಮೇಲೇ ಹಾಕಿಕೊಂಡು ಮಲಗಬಹುದು. ಕಾಫಿ ತೋಟದ ದೊರೆಗಳ ಹಳೇ ಫೋಟೋಗಳಲ್ಲಿ ನೋಡಿರ್ತೀಯ. ಬೆತ್ತ ಅರ್ಧ ಹರಿದು ಜೋತಾಡ್ತಿದೆ. ಹೇಳಿದ ರೇಟು 18,000. "ಬಂಗಲೆ ಐಟಂ ಸಾರ್. ಮೈನಿಂಗ್ ದೊರೆ ಕೂತಿದ್ದು. ನೂರು ವರ್ಷ ಆಗಿದೆ."

ಕೆಜಿಎಫ್‌ನಲ್ಲಿ ಮಾರೋ ಪ್ರತಿಯೊಂದು ಮರದ ಸಾಮಾನೂ ಬಂಗಲೆ ಐಟಮ್ಮೇ. ಚಿನ್ನದ ಗಣಿ ನಡೆಸಿದ ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟ ದಿನದಿಂದ 2001ರ ಫೆಬ್ರವರಿಯಲ್ಲಿ ಗಣಿ ಬಾಗಿಲು ಹಾಕೋವರೆಗೂ ಅಲ್ಲಿದ್ದ ಸಾಹೇಬರೆಲ್ಲ ಬೇರೆ ಕೆಲಸ ಬಿಟ್ಟು ಬರೀ ಕುರ್ಚಿ ಬದಲಾಯಿಸ್ತಾ ಕೂತಿದ್ದರೂ ಇಷ್ಟು ಕುರ್ಚಿ ಆಗಲ್ಲ. ಅದಕ್ಕೇ ನಾನು ಬಾಯಿಮಾತು ನಂಬದೆ ಮೊಬೈಲ್ ಟಾರ್ಚ್ ಹಿಡಿದು ಕುರ್ಚಿ ಕೆಳಗೆ ತೂರಿದೆ. ಅಂಗಡಿಯವರು ಟೀ ತರಿಸಿದರು. ಬಕರ ಬಿದ್ದಿದ್ದಾನೆ ಅಂತ ಅವರಿಗೆ ಆಗಲೇ ಗೊತ್ತಾಗಿತ್ತು ಅನ್ಸುತ್ತೆ.

ನಾನೀಗ ಪಂಡಿತ, ಕೇಳಿಸಿಕೋ. ಹಳೇ ಸಾಮಾನನ್ನ ಮೇಲಿಂದ ನೋಡಬಾರದು, ಅಡಿಯಿಂದ ನೋಡಬೇಕು. ಪಾಲಿಶ್ ಹೊಡೆಯೋರು ಅಡಿಗೆ ಬಗ್ಗಲ್ಲ. ಮೊದಲು ಸ್ಕ್ರೂ ತಲೆ ನೋಡು. ಸ್ಟಾರ್ ಸ್ಕ್ರೂ ಅಮೆರಿಕದಲ್ಲಿ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ. ಕುರ್ಚಿ ತುಂಬ ಅದೇ ಇದ್ದರೆ ನೂರು ವರ್ಷದ ಕಥೆ ಅಲ್ಲಿಗೆ ಮುಗೀತು. ಇದರಲ್ಲಿ ಒಂದು ಕಾಲಿಗೆ ಮಾತ್ರ ಸ್ಟಾರ್, ಯಾರೋ ರಿಪೇರಿ ಮಾಡಿಸಿದ್ದಾರೆ. ಉಳಿದದ್ದೆಲ್ಲ ಒಂದೇ ಗೀಟಿನವು. ಆಮೇಲೆ ಬೆತ್ತ. ಚೌಕಟ್ಟಿನ ಸುತ್ತ ಒಂದೊಂದೇ ತೂತು ಕೊರೆದು ಅದರೊಳಗೆ ಎಳೆ ತೂರಿಸಿದ್ದರೆ ಕೈಯಲ್ಲಿ ಹೆಣೆದದ್ದು, ಸುತ್ತ ಕಾಲುವೆ ಥರ ಗಾಡಿ ಕೊರೆದು ಅದರಲ್ಲಿ ಹೆಣೆದ ಬೆತ್ತದ ಚಾಪೆ ಒತ್ತಿದ್ದರೆ ಮಿಷನ್‌ದು. ಇದರಲ್ಲಿ ತೂತುಗಳಿವೆ. ಕೊನೆಗೆ ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಕಾಣದ ಜಾಗದಲ್ಲಿ ಉಜ್ಜಿದೆ. ಅಂಟಂಟಾಗಿ ಕಂದು ಬಣ್ಣ ಹತ್ತಿಗೆ ಬಂತು. ಅರಗಿನ ಪಾಲಿಶ್, ಫ್ರೆಂಚ್ ಪಾಲಿಶ್ ಅಂತಾರಲ್ಲ, ಅದು. ಈಗಿನ ಮೆಲಮೈನ್, ಪಿಯು ಪಾಲಿಶ್ ಆಗಿದ್ದರೆ ಸ್ಪಿರಿಟ್‌ಗೆಲ್ಲ ಜಗ್ಗಲ್ಲ. (ಜೇಬಲ್ಲಿ ಸ್ಪಿರಿಟ್ ಬಾಟಲಿ ಇಟ್ಟುಕೊಂಡು ಓಡಾಡೋ ವಯಸ್ಸಿಗೆ ಬಂದೆ ನೋಡು. ನಮ್ಮ ಹಾಸ್ಟೆಲ್ ವಾರ್ಡನ್ ಹೇಳಿದ್ದು ನಿಜವಾಯ್ತು.)

ನಮ್ಮ ಆಚಾರ್ರಿಗೆ ಫೋಟೋ ಕಳಿಸಿದೆ. "ಸಾಗವಾನಿ ಸಾರ್, ಚೇಗಿದೆ, ಒಳಗಿನ ಗಟ್ಟಿ ತಿರುಳು, ಇನ್ನೆರಡು ತಲೆಮಾರು ಅಲ್ಲಾಡಲ್ಲ. ಹಿಂದಿನ ಒಂದು ಕಾಲಲ್ಲಿ ಮಾತ್ರ ಹೊರಗಿನ ಮೆತ್ತನೆ ಬಿಳಿ ಮರ ಬಂದಿದೆ, ಹುಳ ಅಲ್ಲೇ ಬಿದ್ದಿರೋದು" ಅಂದರು. ತೂತಿನ ಕೆಳಗೆ ಹೊಸ ಹಿಟ್ಟು ಉದುರಿದೆಯಾ ಅಂತ ಕೇಳಿದರು. ಉದುರಿತ್ತು. ಅಂದರೆ ಹುಳ ಇನ್ನೂ ಜೀವಂತ, ಔಷಧಿ ಹಾಕಿ, ಹೋಗಿರೋ ಕಡೆ ಬೇರೆ ತುಂಡು ಕೂರಿಸಬೇಕು. ಬೆತ್ತ, ಪಾಲಿಶ್, ಕೂಲಿ, ಟೆಂಪೋ ಎಲ್ಲ ಸೇರಿ ಇನ್ನೊಂದು 12,000. ಒಟ್ಟು ಮೂವತ್ತು ಸಾವಿರ. ನಮ್ಮನೆಯವಳು ಒಂದೇ ಮಾತು ಹೇಳಿದಳು: "ಆ ದುಡ್ಡಿಗೆ ಕಾಲು ತಾನೇ ಮೇಲೆ ಬರೋ ಹೊಸ ಸೋಫಾ ಬರುತ್ತೆ, ಹುಳ ಇಲ್ಲದ್ದು."

ಲೆಕ್ಕದ ಪ್ರಕಾರ ಇಲ್ಲಿಗೆ ಮುಗಿಯಬೇಕಿತ್ತು. ಮುಗೀಲಿಲ್ಲ.

ಆ ಕುರ್ಚಿ ಫೋಟೋ ಸ್ಟೇಟಸ್‌ಗೆ ಹಾಕಿದ್ದೆ, ಏನೂ ಬರೆಯದೆ. ಆಫೀಸಿನ ಒಬ್ಬರು ಕೇಳಿದರು: "ವಾವ್, ತಾತನದಾ?" ನಾನು "ಹೌದು" ಅಂತ ಟೈಪ್ ಮಾಡಿದೆ. ಕಳಿಸಲಿಲ್ಲ, ಅಳಿಸಿದೆ. ಆದರೆ ತಕ್ಷಣ ಅಳಿಸಲಿಲ್ಲ ಕಣೋ. ಆ ಎರಡಕ್ಷರ ನೋಡ್ತಾ ಸುಮಾರು ಹೊತ್ತು ಕೂತಿದ್ದೆ. ಚೆನ್ನಾಗಿತ್ತು.

ನಮ್ಮ ಹಳ್ಳಿ ಮನೆ ನಿನಗೆ ಗೊತ್ತು. ಅಲ್ಲಿ ಫರ್ನಿಚರ್ ಅಂತ ಇದ್ದಿದ್ದೆಲ್ಲ ರೇಷ್ಮೆ ಹುಳಕ್ಕೆ. ನಡುಮನೆ ತುಂಬ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ತಟ್ಟೆ, ಹುಳ ಹಣ್ಣಾದ ಮೇಲೆ ಗೂಡು ಕಟ್ಟೋಕೆ ಗೋಡೆಗೆಲ್ಲ ಒರಗಿಸಿದ ಚಂದ್ರಿಕೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲಂತೂ ಹುಳ ಮನೆ ಯಜಮಾನ, ನಾವು ಜಗುಲಿಯ ಬಾಡಿಗೆದಾರರು. ಒಗ್ಗರಣೆ ಹಾಕೋ ಹಾಗಿಲ್ಲ, ಊದುಬತ್ತಿ ಹಚ್ಚೋ ಹಾಗಿಲ್ಲ, ಅದಕ್ಕೆ ವಾಸನೆ ಆಗಲ್ಲ. ನೀನು ಬಂದಾಗಲೂ ಹೊರಗೇ ಚಾಪೆ ಹಾಕಿ ಮಲಗಿಸಿದ್ದು, ಸೊಳ್ಳೆ ನಿನ್ನ ಬಗ್ಗೆ ತೀರ್ಪು ಕೊಟ್ಟಿದ್ದು, ನೆನಪಿದೆಯಾ? ಕುರ್ಚಿ ಅಂತ ಒಂದೇ ಒಂದಿತ್ತು, ಕಬ್ಬಿಣದ ಮಡಚೋದು. ಬ್ಯಾಂಕಿನವರು ಬಂದರೆ ಬಿಚ್ಚೋದು, ಹೋದ ಮೇಲೆ ಮಡಚಿ ಅಟ್ಟಕ್ಕೆ.

ಉದ್ದ ಕೈಗಳ ಕುರ್ಚಿ ಇದ್ದಿದ್ದು ಶಾನುಭೋಗರ ಮನೆಯಲ್ಲಿ. ಶಾನುಭೋಗಿಕೆ ಹೋಗಿ ಎಷ್ಟೋ ವರ್ಷವಾಗಿತ್ತು, ಹೆಸರು ಮಾತ್ರ ಉಳಿದಿತ್ತು. ಯಾವುದೋ ಪಹಣಿ ಕಾಗದಕ್ಕೆ ತಾತನ ಜೊತೆ ನಾನೂ ಹೋಗಿದ್ದೆ. ಅವರು ಮನೆಯಲ್ಲಿ ಇರಲಿಲ್ಲ. ಪಡಸಾಲೆಯಲ್ಲಿ ಕುರ್ಚಿ ಖಾಲಿ ಇತ್ತು. ಒಳಗಿಂದ ಅಮ್ಮನವರು "ಕೂತ್ಕೋಪ್ಪಾ, ಬರ್ತಾರೆ" ಅಂದರು. ತಾತ ಕೆಳಗಿನ ಮೆಟ್ಟಿಲ ಮೇಲೆ ಟವೆಲ್ ಹಾಸಿ ಕೂತರು. ಅವರಿಗೆ ಯಾರೂ ಏನೂ ಅನ್ನಲಿಲ್ಲ, ನಿನ್ನಾಣೆ. ಯಾರೂ ಅನ್ನಲೇಬೇಕಾಗಿರಲಿಲ್ಲ. ನಾನು ಓಡಿಹೋಗಿ ಆ ಕುರ್ಚಿಯ ಕೈ ಮುಟ್ಟಿದೆ. ತಾತ ನನ್ನ ತೋಳು ಹಿಡಿದು ಎಳೆದ ಎಳೆತ ಇದೆಯಲ್ಲ, ಅಷ್ಟು ಗಟ್ಟಿಯಾಗಿ ಆ ಮನುಷ್ಯ ನನ್ನನ್ನ ಆ ಮೊದಲೂ ಹಿಡಿದಿರಲಿಲ್ಲ, ಆಮೇಲೂ ಹಿಡಿಯಲಿಲ್ಲ.

ಇದನ್ನ ಇಲ್ಲಿ ಬರೀಬೇಕು ಅಂತ ಇರಲಿಲ್ಲ. ಸ್ಕ್ರೂ, ಸ್ಪಿರಿಟ್ ಅಂತ ನಾಲ್ಕು ಮಾತು ಜಂಬ ಕೊಚ್ಚಿ ಲೈಕ್ ತಗೊಳ್ಳೋಣ ಅಂತ ಕೂತಿದ್ದೆ. ಈಗ ಬರೆದಾಯ್ತು, ಇರಲಿ. ನನ್ನ ತಲೆ ತಿಂತಿರೋದು ಏನು ಗೊತ್ತಾ? ಮೂವತ್ತು ಸಾವಿರ ಕೊಟ್ಟು ನಾನು ತಗೊಳ್ಳೋಕೆ ಹೊರಟಿರೋದು ಮರಾನಾ, ಇಲ್ಲಾ ಆ ಕುರ್ಚಿಯಲ್ಲಿ ಕೂತಿದ್ದ ಒಬ್ಬ ತಾತನ್ನಾ? ನಾಳೆ ಮನೆಗೆ ಬಂದವರು ಕೇಳಿದರೆ ನಾನು ಏನೂ ಹೇಳದೆ ಸುಮ್ಮನೆ ನಗ್ತೀನಿ, ಆ ನಗುವನ್ನ ನಾನು ಕನ್ನಡಿ ಮುಂದೆ ಮಾಡಿ ನೋಡಿದ್ದೂ ಆಗಿದೆ. ಅದರಲ್ಲಿ ನನ್ನ ತಾತ ಎಲ್ಲಿ ಕೂರೋದು?

ಆ ಕುರ್ಚಿಯ ಕೈಗಳ ತುದಿ ಕಪ್ಪಾಗಿ, ನುಣುಪಾಗಿ ಮಿರುಗುತ್ತೆ. ಯಾರದ್ದೋ ಅಂಗೈ ವರ್ಷಗಟ್ಟಲೆ ಸವರಿದ್ದು. ಅಂಗಡಿಯವರು ಅದನ್ನ ತೋರಿಸೇ ಹೇಳಿದರು: "ಇದಕ್ಕೆ ಮಾತ್ರ ಕೈ ಹಚ್ಚಬೇಡಿ ಸಾರ್, ರೇಟಿರೋದೇ ಇದಕ್ಕೆ." ನಾನೂ ತಲೆ ಆಡಿಸಿದ್ದೆ, ತಿಳಿದವನ ಥರ. ಹಳೇ ಸಾಮಾನಿನ ಭಕ್ತರೆಲ್ಲ ಒಪ್ಪೋ ಮಾತೇ. ಬರೀ ಧೂಳು ತೆಗೆದು, ಒಂದು ಕೈ ಅರಗು ಹಾಕಿ, ಹಳೇ ಕಳೆ ಹಾಗೇ ಬಿಡಬೇಕು.

ಈಗ ಮನಸ್ಸು ಬದಲಾಯಿಸಿದ್ದೀನಿ. ತಗೊಂಡರೆ ಪೂರ್ತಿ ಉಜ್ಜಿಸ್ತೀನಿ. 80ನೇ ನಂಬರ್ ಮರಳು ಕಾಗದದಿಂದ ಶುರುಮಾಡಿ 220ರವರೆಗೆ, ಆ ಅಂಗೈಯ ಮಿರುಗು ಸಮೇತ, ಮರ ಹಸಿ ಬಣ್ಣ ಬಿಡೋ ತನಕ. ಬೆಲೆ ಅರ್ಧಕ್ಕೆ ಬೀಳುತ್ತಂತೆ, ಬೀಳಲಿ, ನಾನೇನು ಮಾರಲ್ಲ. ಭಕ್ತಾದಿಗಳು ಕೆಳಗೆ ಬಂದು ಬೈಯಬಹುದು, ಜಾಗ ಬಿಟ್ಟಿದ್ದೀನಿ. ಆಚಾರ್ರಿಗಂತೂ ಹಬ್ಬ. ಅವರು ಮೊದಲಿಂದಲೂ "ಹೊಸದರ ಥರ ಮಾಡಿಕೊಡ್ತೀನಿ ಸಾರ್" ಅಂತಿದ್ದರು, ನಾನೇ "ಹಳೇದರ ಥರ ಇರಬೇಕು" ಅಂತ ಅವರ ಜೀವ ತಿಂದಿದ್ದೆ.

ಇನ್ನು ಬೆತ್ತದ ಕಥೆ. ನೆನೆಹಾಕಿದ ಬೆತ್ತ, ಒಣಗಿದ ಮೇಲೆ ತಾನೇ ಬಿಗಿಯಾಗುತ್ತೆ ಅಂತೆಲ್ಲ ಅಮ್ಮನಿಗೆ ಕಾಲು ಗಂಟೆ ಪ್ರವಚನ ಕೊಟ್ಟೆ. ಪೂರ್ತಿ ಕೇಳಿಸಿಕೊಂಡು, "ಇಲಿ ಕಡಿಯುತ್ತೆ, ಪ್ಲಾಸ್ಟಿಕ್ ವೈರು ಹಾಕ್ಸು, ತೊಳೆಯೋಕೂ ಸುಲಭ. ಹಸಿರು ಬೇಡ, ಆಸ್ಪತ್ರೆ ಬೆಂಚು ಇದ್ದಂಗಿರುತ್ತೆ" ಅಂದಳು. ಕೂತ್ಕೋತೀಯಾ ಅಂದರೆ, "ನಾನು ಅಷ್ಟು ತಗ್ಗಿನಲ್ಲಿ ಕೂತರೆ ಎಬ್ಬಿಸೋಕೆ ಇಬ್ಬರು ಬೇಕು" ಅಂತ ನೆಲದ ಮೇಲೇ ಕೂತು ಅವರೆಕಾಯಿ ಸುಲಿಯೋಕೆ ಶುರುಮಾಡಿದಳು. ದೊರೆಗಳು ಎದ್ದೇಳ್ತಿದ್ದುದು ಹೇಗೆ ಅನ್ನೋದು ನನಗೂ ಈಗ ಸಮಸ್ಯೆಯಾಗಿದೆ. ಅದಕ್ಕೇ ಅವರು ಅಷ್ಟೊಂದು ಆಳು ಇಟ್ಟುಕೊಂಡಿದ್ದರೋ ಏನೋ.

ಅಂಗಡಿಯವರು 16,000ಕ್ಕೆ ಇಳಿದಿದ್ದಾರೆ. ಹುಳದ ಹಿಟ್ಟು ತೋರಿಸಿ ಇನ್ನೂ ಇಳಿಸಬಹುದು, ಆದರೆ ನನಗೆ ಚೌಕಾಸಿ ಬರಲ್ಲ ಅಂತ ನಿನಗೆ ಗೊತ್ತೇ ಇದೆ. ಕಮ್ಮಿ ಮಾಡಿ ಅಂತ ಬಾಯಿ ತೆಗೆದರೆ ಥ್ಯಾಂಕ್ಸ್ ಅಂತ ಬರುತ್ತೆ. ಭಾನುವಾರ ಟ್ರೈನ್ ಹತ್ತಿ ಬಂಗಾರಪೇಟೆಯಲ್ಲಿ ಇಳಿ, ಬಿಳಿ ನೀರಿನ ಪಾನಿಪುರಿ ಕೊಡಿಸ್ತೀನಿ, ಅಲ್ಲಿಂದ ಬೈಕಲ್ಲಿ ಕೆಜಿಎಫ್. ಹಳೇ ಬಟ್ಟೆ ಹಾಕ್ಕೊಂಡು ಬಾ. ಬರುವಾಗ ಟೆಂಪೋ ಹಿಂದೆ ಕುರ್ಚಿ ಹಿಡ್ಕೊಂಡು ನಿಂತ್ಕೊಳ್ಳೋದು ನೀನೇ. ಅದರ ಮೇಲೆ ಕೂರೋ ಯೋಚನೆ ಇದ್ದರೆ ಈಗಲೇ ಬಿಡು, ಉಳಿದಿರೋ ಬೆತ್ತ ನಿನ್ನ ಸೈಜು ತಡೆಯಲ್ಲ.

ಇಂತಿ,
ನಿನ್ನ ಕೋಲಾರದ ದೊರೆ